ಆರತಿಗೆ ಹಚ್ಚಿದ ಹಾಡು

"ಇನ್ನೊಮ್ಮೆ ಹಚ್ಚಪಾ," ಎಂದಳು ಗೋಪಿಕಾಬಾಯಿ.

ಖಲಂದರ ಕ್ಯಾಸೆಟ್ಟನ್ನು ದೊಡ್ಡ ಸೆಟ್ಟಿನಿಂದ ತೆಗೆದು ಸಣ್ಣದಕ್ಕೆ ಹಾಕಿದ. ಸವಣೂರಿನ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡಿದ್ದ ಅವನ ಅಂಗಡಿಗೆ ಆ ವರ್ಷವೇ ಎರಡು ಸ್ಟೀರಿಯೊ ಸೆಟ್ಟು ಬಂದಿದ್ದವು. ದೊಡ್ಡದು ಹುಬ್ಬಳ್ಳಿಯಲ್ಲಿ ಜೋಡಿಸಿದ್ದು. ಡೆಕ್ಕು, ಆಂಪ್ಲಿಫಾಯರು, ಸೊಂಟದೆತ್ತರದ ಸ್ಪೀಕರ್ ಡಬ್ಬಿಗಳು. ಸಣ್ಣದು ಮುಂಬಯಿಯಿಂದ ಬಂದ ಜಪಾನಿ ಮಾಲು. ಸ್ಪೀಕರು ಕಳಚಿ ದೂರ ದೂರ ಇಡಬಹುದು, ಕರೆಂಟು ಹೋದರೆ ಸೆಲ್ಲಿನ ಮೇಲೂ ನಡೆಯುತ್ತದೆ.

"ದೊಡ್ಡದ ಒಯ್ಯಿರಿ ಬಾಯಾರ. ಲಗ್ನದ ಮನಿ, ಇಡೀ ಓಣಿಗೆ ಕೇಳಸ್ತೈತಿ."

"ಓಣಿಗೆ ಕೇಳಸಲಿಕ್ಕೆ ನಾವೇನು ಇಲೆಕ್ಷನ್ನಿಗೆ ನಿಂತೇವೇನು?"

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಖಾರಾ ತಿನ್ನುತ್ತಿದ್ದ ತಮ್ಮ ಶ್ರೀಪಾದ ನಕ್ಕ. ಶಿಗ್ಗಾಂವಿಯಲ್ಲಿ ವಕೀಲ ಅವನು. "ನನಗ ಎಲ್ಲಾ ಸೆಟ್ಟೂ ಒಂದ ಕೇಳಸ್ತಾವ. ಕಿವಿ ಇದ್ದಾಕಿ ನೀನು, ನೀನ ಆರಿಸು," ಎಂದು ಮುಂಜಾನೆ ಅವನೇ ಅವಳನ್ನು ಬಸ್ಸು ಹತ್ತಿಸಿಕೊಂಡು ಬಂದಿದ್ದ. ಗಂಡ ತೀರಿ ತಮ್ಮನ ಮನೆ ಸೇರಿದ ಮೇಲೆ ಅವಳಿಗೆ ಏನನ್ನಾದರೂ ಆರಿಸು ಅಂದವರು ಇರಲಿಲ್ಲ.

ಗಂಡನಿದ್ದಾಗ ಹಾನಗಲ್ಲಿನಿಂದ ಸವಣೂರಿನವರೆಗೆ ಯಾರ ಮನೆಯ ಮುಂಜಿ, ಮದುವೆಯಾದರೂ ಆರತಿ ಹಾಡಿಗೆ ಗೋಪಿಕಾಬಾಯಿಯೇ ಬೇಕಿತ್ತು. ಆಮೇಲೆ ಆರತಿಯ ಹೊತ್ತಿಗೆ ಅವಳ ಜಾಗ ಹಿಂದಿನ ಕೋಣೆಯಾಯಿತು. ಮುತ್ತೈದೆಯರು ಹಾಡುವ ಹಾಡು ಅದು. ಆದರೆ ಮದುವೆ ಗೊತ್ತಾದ ದಿನ ಶ್ರೀಪಾದನ ಮಗಳು ಗಂಗೂ, "ಅತ್ಯಾ ಹಾಡಿದರನ ನಾ ಆರತಿಗೆ ಕೂಡಾಕಿ," ಎಂದು ಹಟ ಹಿಡಿದಿದ್ದಳು. ಶ್ರೀಪಾದ ಆಗಲಿ ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. "ನೋಡೂಣಂತ," ಎಂದ. ಆ ಒಂದು ಮಾತನ್ನು ಗೋಪಿಕಾಬಾಯಿ ಅಂದಿನಿಂದ ಬೆಲ್ಲದ ಹರಳಿನಂತೆ ನಾಲಿಗೆಯ ಕೆಳಗೆ ಇಟ್ಟುಕೊಂಡೇ ಬಂದಿದ್ದಳು.

ಸೆಟ್ಟು ಪರೀಕ್ಷಿಸಲು ಶ್ರೀಪಾದ ಮನೆಯಿಂದ ತಂದಿದ್ದ ಕ್ಯಾಸೆಟ್ಟಿನಲ್ಲಿ ಇದ್ದದ್ದು ಅವಳದೇ ಹಾಡು. ಹಿಂದೊಮ್ಮೆ ಹಾನಗಲ್ಲಿನ ಮುಂಜಿಯಲ್ಲಿ ಯಾರೋ ಟೇಪಿಗೆ ತುಂಬಿಸಿಕೊಂಡದ್ದು. ದೊಡ್ಡದರಲ್ಲಿ ಅದು ಹಂಡೆಯೊಳಗೆ ಬಾಯಿಟ್ಟು ಹಾಡಿದಂತಿತ್ತು. ಸಣ್ಣದರಲ್ಲಿ ದನಿ ತನ್ನ ಅಳತೆಗೆ ಬಂತು. ಸಾಲು ಮುಗಿದು ಉಸಿರು ತೆಗೆದುಕೊಳ್ಳುವಲ್ಲಿ, ತೀರಾ ಹಿಂದೆ, ಇನ್ನೊಂದು ಸದ್ದು. ತೊಡೆ ತಟ್ಟಿ ತಾಳ ಹಾಕುವಾಗ ತನ್ನದೇ ಬಳೆ ಅಲುಗಿದ ಸದ್ದು. ಗೋಪಿಕಾಬಾಯಿ ಬರಿಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇದು ಖರೇ ಹೇಳ್ತದ. ಇದನ್ನ ತಗೊ."

ಶ್ರೀಪಾದ ಖಾರಾದ ಕಾಗದ ಮುದುಡಿ ಎದ್ದ. "ಛಲೋ ಆತು. ಲಗ್ನದಾಗ ಆರತಿಗೆ ಈ ಹಾಡ ಹಚ್ಚಿಬಿಡೂದು. ಗಂಗೂನ ಹಟಾನೂ ನಡೀತು, ಬೀಗರಿಗೂ ಮಾತಾಡಲಿಕ್ಕೆ ಜಾಗಾ ಇಲ್ಲ. ಇದರಾಗ ನೀ ಮುತ್ತೈದಿ ಇದ್ದಿ."

ಖಲಂದರ ತಲೆ ತಗ್ಗಿಸಿ ವೈರು ಸುತ್ತುತ್ತಿದ್ದ. ಕಡೆಗೆ ಸೆಲ್ಲಿನ ಪೊಟ್ಟಣವನ್ನು ಅವಳ ಕೈಗೇ ಕೊಟ್ಟ. "ಒಳಗ ಹಾಕಿ ಬಿಡಬ್ಯಾಡ್ರಿ ಬಾಯಾರ, ನೀರು ಬಿಟ್ಟು ಸೆಟ್ಟು ಕೆಡಸ್ತಾವ. ಬ್ಯಾರೆ ಇಟ್ಟಿರ್ರಿ."

ಮದುವೆಯ ದಿನ ಅವಳು ಅಡಿಗೆಮನೆಯಲ್ಲಿ ಕೋಸಂಬರಿಗೆ ಕಾಯಿ ತುರಿಯುತ್ತಿದ್ದಾಗ ಪಡಸಾಲೆಯಲ್ಲಿ ಹಾಡು ಶುರುವಾಯಿತು. ತುರಿಯುವ ಕೈ ತಾನಾಗಿ ನಿಂತಿತು.

"ಎಷ್ಟ ಛಂದ ಕಂಠರೀ. ಯಾರು ಹಾಡಿದಾಕಿ?" ಎಂದು ಬೀಗಿತ್ತಿ ಕೇಳಿದ್ದು ಕೇಳಿಸಿತು.

"ನಮ್ಮ ಕಡ್ಯಾವರ ಒಬ್ಬರು," ಎಂದಳು ಶ್ರೀಪಾದನ ಹೆಂಡತಿ ಇಂದಿರಾಬಾಯಿ.

ಎರಡನೆಯ ನುಡಿ ಮೇಲಕ್ಕೇರುವಷ್ಟರಲ್ಲಿ ಕರೆಂಟು ಹೋಯಿತು. ಹಾಡು ಗಂಡಸಿನ ದನಿಯಂತೆ ದಪ್ಪಗಾಗಿ, ಗೊರಗೊರ ಎಂದು ನಿಂತಿತು. ಯಾರೋ ಮುಂದಿನ ಸಾಲು ಎತ್ತಿಕೊಂಡು, ಶ್ರುತಿ ಸಿಗದೆ, ತಾವೇ ನಕ್ಕು ಬಿಟ್ಟರು.

"ತಾಟು ಹಿಡಕೊಂಡು ಎಷ್ಟೊತ್ತು ನಿಂದರೂದವಾ, ಕೈ ಸೋತವು," ಎಂದಳು ಆರತಿ ಹಿಡಿದವಳೊಬ್ಬಳು.

ಆಗ ಗಂಗೂ ಅಂದಳು, "ಅತ್ಯಾನ್ನ ಕರೀರಿ."

ಆಮೇಲೆ ಅಡಿಗೆಮನೆಯ ಕಡೆಗೆ ಶ್ರೀಪಾದನ ಹೆಜ್ಜೆ. ಗೋಪಿಕಾಬಾಯಿ ಎದ್ದಳು. ಕೈ ಒರೆಸಿಕೊಂಡು ಸೆರಗು ಹೊದ್ದಳು. ಟೇಪು ಬಿಟ್ಟ ಶ್ರುತಿಯನ್ನು ಗಂಟಲಿನೊಳಗೇ ಹಿಡಿದಳು. ಮುಂದಿನ ಸಾಲು ತುಟಿಯವರೆಗೆ ಬಂದಿತ್ತು.

ಶ್ರೀಪಾದ ಬಾಗಿಲಲ್ಲಿ ನಿಂತ.

"ಅಕ್ಕಾ, ಆ ಸೆಲ್ಲು ಎಲ್ಲಿಟ್ಟಿ?"

ಅವಳು ಗೋಡೆಯ ಮಾಡದಲ್ಲಿ ಇಂಗಿನ ಡಬ್ಬಿಯ ಹಿಂದೆ ಕೈಹಾಕಿ ಪೊಟ್ಟಣ ತೆಗೆದುಕೊಟ್ಟಳು. ಅವನು ಲಗುಬಗೆಯಿಂದ ಹೋದ. ತುಸು ಹೊತ್ತಿಗೆ ಹಾಡು ನಿಂತಲ್ಲಿಂದಲೇ ಎದ್ದಿತು. ಸಾಲು ಮುಗಿಯಿತು, ಉಸಿರು ಬಂತು, ಉಸಿರಿನ ಹಿಂದೆ ಬಳೆ.

ಗೋಪಿಕಾಬಾಯಿ ಕೂತು ಇನ್ನೊಂದು ಹೋಳು ಕೈಗೆತ್ತಿಕೊಂಡಳು. ಬಿಳಿಯದು ಮುಗಿದು ಕರಟ ಹತ್ತಿದರೂ ಕರಕರ ತುರಿಯುತ್ತಲೇ ಇದ್ದಳು.