ನೀರುಕಾಗೆ ಕಲಿಸಿದ ಒಡಪು

ನಮ್ಮ ಯಜಮಾನರು ಶಿವಮಲ್ಲಪ್ಪನವರು ವೀರಗಾಸೆಯ ಒಡಪು ಹೇಳುವುದರಲ್ಲಿ ಎತ್ತಿದ ಕೈ. ಒಡಪು ಎಂದರೆ ಕತ್ತಿ ಝಳಪಿಸುತ್ತ ವೀರಭದ್ರನ ಪ್ರತಾಪವನ್ನು ಗಟ್ಟಿಯಾಗಿ ಸಾರುವುದು. ದಕ್ಷನ ಯಾಗ ಕೆಡಿಸಿದ ಪ್ರಸಂಗದ ಸಾಲು ಸಾಲನ್ನೇ ಅವರು ಒಂದೇ ಉಸಿರಿಗೆ ಹೇಳುತ್ತಿದ್ದರು. ಒಂಟಿಕೊಪ್ಪಲಿನ ನಮ್ಮ ಬೀದಿಯಲ್ಲಿ ಮಲಗಿದ್ದ ಮಕ್ಕಳೂ ಎದ್ದು ಕೂರುತ್ತಿದ್ದವು. ಗಂಡನೆಂದು ಹೊಗಳುತ್ತಿಲ್ಲ; ಬೈಯುವುದಕ್ಕೆ ಬೇರೆ ಎಷ್ಟೋ ಇದೆ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಅವರಿಗೆ ನ್ಯುಮೋನಿಯಾ ಆಯಿತು. ಜೀವ ಉಳಿಯಿತು, ಉಸಿರು ಗಿಡ್ಡವಾಯಿತು. ಮರುವರ್ಷವೇ ಮೊಮ್ಮಗಳು ಅಕ್ಷತಾಳ ಮದುವೆ ಗೊತ್ತಾಯಿತು. ನಮ್ಮ ಮನೆತನದಲ್ಲಿ ಮದುವೆಯ ಹಿಂದಿನ ದಿನ ವೀರಭದ್ರನ ಪೂಜೆ, ವೀರಗಾಸೆ ಆಗಲೇಬೇಕು. ಎತ್ತಿಕೊಂಡ ಒಡಪು ಅರ್ಧಕ್ಕೆ ನಿಂತರೆ ಮದುಮಗಳಿಗೆ ಅಪಶಕುನ ಎನ್ನುತ್ತಾರೆ. "ಬೇರೆಯೋರ ಕೈಲಿ ಹೇಳ್ಸಿ" ಎಂದೆ.

"ನನ್ನ ಮೊಮ್ಮಗಳ ಮದ್ವೇಲಿ ಬೇರೆಯೋನು ಬಾಯಿ ತೆಗೀತಾನಾ?" ಎಂದು ಗುಡುಗಿದರು. ಗುಡುಗಿದ್ದಕ್ಕೇ ಕೆಮ್ಮು ಹತ್ತಿತು.

ಅಕ್ಷತಾ ಮಾನಸಗಂಗೋತ್ರಿಯಲ್ಲಿ ಪ್ರಾಣಿಶಾಸ್ತ್ರ ಓದಿದವಳು. ಮುಳುಗಿ ಮೀನು ಹಿಡಿಯುವ ಕಡಲಹಕ್ಕಿಗಳೆಂದರೆ ಅವಳಿಗೆ ಹುಚ್ಚು. ಮೈಸೂರಿನಲ್ಲಿ ಕಡಲೆಲ್ಲಿ ಬರಬೇಕು? ಅವುಗಳ ದಾಯಾದಿ ನೀರುಕಾಗೆಯನ್ನೇ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ಕೂತು ನೋಡಿ ನೋಡಿ ಕಪ್ಪಾಗಿದ್ದಳು. ಒಂದು ಬೆಳಿಗ್ಗೆ ತಾತನನ್ನೂ ಅಲ್ಲಿಗೆ ಹೊರಡಿಸಿದಳು. ಕಾವಲಿಗೆ ನಾನೂ ಹೋದೆ.

"ನೋಡಿ ತಾತ, ಮುಳುಗೋಕೆ ಮುಂಚೆ ಚೆನ್ನಾಗಿ ಉಸಿರಾಡುತ್ತೆ. ಒಳಗಿನ ಗಾಳಿಚೀಲ, ರಕ್ತ, ಮಾಂಸಖಂಡ, ಎಲ್ಲದರಲ್ಲೂ ಆಮ್ಲಜನಕ ತುಂಬ್ಕೊಳುತ್ತೆ. ಕೆಳಗೆ ಹೋದ್ಮೇಲೆ ಅಜ್ಜಿ ಸಕ್ಕರೆ ಬಳಸ್ದಂಗೆ ಹಿಡಿದು ಹಿಡಿದು ಖರ್ಚು ಮಾಡುತ್ತೆ."

"ನಿಮ್ಮಜ್ಜಿ ವಿಷಯ ಸರಿ. ಮುಂದೆ ಹೇಳು."

"ಪೂರ್ತಿ ಖಾಲಿಯಾಗೋವರ್ಗೂ ಒಳಗಿದ್ರೆ, ಮೇಲೆ ಬಂದು ತುಂಬಾ ಹೊತ್ತು ಸುಮ್ನೆ ತೇಲ್ತಾ ಇರ್ಬೇಕಾಗುತ್ತೆ. ಅದಕ್ಕೇ ಸ್ವಲ್ಪ ಉಳಿದಿರೋವಾಗ್ಲೇ ಮೇಲೆ ಬಂದ್ಬುಡುತ್ತೆ. ಒಂದಿಷ್ಟು ಉಸಿರು ತಗೊಂಡು ಮತ್ತೆ ಮುಳುಗುತ್ತೆ. ನೀವೂ ಅಂಗೇ ಮಾಡಿ."

"ನಾನೇನು ಹಕ್ಕೀನೇನೆ?" ಎಂದು ಮುಖ ತಿರುಗಿಸಿದರು. ಆದರೆ ಮಾರನೆಯ ದಿನದಿಂದ ಬಚ್ಚಲುಮನೆಯಿಂದ ಒಡಪು ತುಂಡು ತುಂಡಾಗಿ ಕೇಳಿಸತೊಡಗಿತು. ನಾನು ಕೇಳಿಸದವಳಂತೆ ಇದ್ದೆ.

ಕರಡೆ ಬಾರಿಸುವ ಮೂಗಯ್ಯನಿಗೂ ಗುಟ್ಟಾಗಿ ಹೇಳಿಟ್ಟಿದ್ದರು. ಪ್ರತಿ ತುಂಡು ಮುಗಿದ ಕೂಡಲೇ ಅವನು ಜೋರಾಗಿ ಬಾರಿಸಬೇಕು, ಆ ಸದ್ದಿನ ಮರೆಯಲ್ಲಿ ಇವರು ಉಸಿರು ತುಂಬಿಕೊಳ್ಳಬೇಕು. ಪೂಜೆಯ ದಿನ ಮೊದಲ ತುಂಡುಗಳು ಸಲೀಸಾಗಿ ಬಂದವು. ಜನ "ಅಹಹಾ ರುದ್ರಾ!" ಎಂದು ಕೇಕೆ ಹಾಕಿದರು. ಕೇಕೆ ಕೇಳಿದರೆ ನಮ್ಮವರಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಮೂಗಯ್ಯ ಕೋಲೆತ್ತಿದರೂ ಅವನನ್ನು ಕಣ್ಣಲ್ಲೇ ತಡೆದು, ಹಳೆಯ ಹುರುಪಿನಲ್ಲಿ ಒಂದೇ ಉಸಿರಿಗೆ ಹೊರಟೇಬಿಟ್ಟರು.

"ದಕ್ಷನ ಕೋಟೆಯ ಬಾಗಿಲ ಒದ್ದು, ಯಾಗದ ಬೆಂಕಿಯ ತುಳಿದು ನಿಂತು..."

ಅಲ್ಲಿಗೆ ಉಸಿರು ಮುಗಿಯಿತು. ತುಟಿ ಆಡುತ್ತಿದೆ, ದನಿಯಿಲ್ಲ. ಸಾಲು ಅರ್ಧವಾಗಿರುವಾಗ ಕರಡೆ ಬಾರಿಸುವಂತಿಲ್ಲ. ನಾನು ನೀರಿನ ಚೊಂಬಿಗೆ ಕೈ ಚಾಚಿದೆ.

"ನಿಂತವನ್ಯಾರು? ಕೆಂಗಣ್ಣ ವೀರ! ಹರನ ಜಡೆಯಲಿ ಹುಟ್ಟಿದ ಶೂರ!"

ಅರಿಸಿನದ ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದ ಅಕ್ಷತಾ ಎದ್ದು ನಿಂತು ಹೇಳುತ್ತಿದ್ದಳು. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿದ ಒಡಪು, ಒಂದಕ್ಷರ ತಪ್ಪಲಿಲ್ಲ. ಹೇಳುತ್ತಲೇ ತಾತನ ಎದೆಯ ಏರಿಳಿತವನ್ನು ನೋಡುತ್ತಿದ್ದಳು. ಅವರು ಕತ್ತಿ ಊರಿಕೊಂಡು ಉಸಿರಾಡಿದರು.

ಪಕ್ಕದಲ್ಲಿದ್ದ ಗಂಡಿನ ಸೋದರತ್ತೆ, "ಮದುಮಗಳು ಹಿಂಗೆ ಕೂಗ್ಬೋದೇನ್ರೀ?" ಎಂದರು.

"ಉಸಿರಿರೋರು ಕೂಗ್ತಾರೆ ಕಣ್ರೀ, ಇಲ್ಲದೋರು ಕೇಳ್ತಾರೆ" ಎಂದೆ.

ತಾತ ಕತ್ತಿ ಎತ್ತಿದರು. ಅವಳು ತಟ್ಟನೆ ನಿಲ್ಲಿಸಿದಳು. ಕೊನೆಯ ಸಾಲುಗಳನ್ನು ಅವರೇ ಹೇಳಿ ಮುಗಿಸಿದರು. ಮೂಗಯ್ಯನ ಕರಡೆ ಮೊಳಗಿತು.

ಆಮೇಲೆ ಅವಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದರು, "ನಾನು ಎಷ್ಟು ಹೊತ್ತು ತೇಲ್ತಾ ಇದ್ದೆ ಕಣವ್ವ?"

"ನಿಮಗೆ ಬೇಕಾದಷ್ಟೇ ತಾತ."

ಆ ಕತ್ತಿಯನ್ನು ಇಷ್ಟು ವರ್ಷ ಒರೆಸುವುದಕ್ಕೂ ನನ್ನ ಕೈಗೆ ಕೊಟ್ಟವರಲ್ಲ. ಅದನ್ನು ಅವಳ ಕೈಗಿಟ್ಟು, "ಮುಂದಿನ ಒಡಪು ನಿಂದು" ಎಂದರು. ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಹೆಮ್ಮೆಯಿಂದ ಕಣ್ಣು ತುಂಬಿ ಬಂತು.