ಹಳದಿ ಕ್ಲಿಪ್ಪು

ಅದು ಶುರುವಾದದ್ದು ಅಕ್ಟೋಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ. ಹೊಲಗಳಲ್ಲಿ ಸಕ್ಕರೆ ಬೀಟ್ ಗೆಡ್ಡೆ ಕೀಳುತ್ತಿದ್ದರು. ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳು ಚೆಲ್ಲಿ ಹೋದ ಜೇಡಿಮಣ್ಣು. ದೇಶದ ಉತ್ತರ ತುದಿಯ ಫ್ರೀಸ್‌ಲ್ಯಾಂಡಿನ ಆ ಊರ ಹೊರಗೆ, ಕಾಲುವೆ ಪಕ್ಕದ ಬಯಲಿನಲ್ಲಿ, ಗುಡ್ಡೆ, ಗುಂಡಿ, ತಿರುವುಗಳನ್ನು ಮಾಡಿ ರಿಮೋಟ್ ಕಾರು ಓಡಿಸುವ ಕ್ಲಬ್ಬೊಂದು ಆಗಷ್ಟೇ ಹುಟ್ಟಿತ್ತು. ಹಾಲಿನ ಲಾರಿ ಓಡಿಸುವ ಹಿಲ್ಕೆ, ಮೊಣಕಾಲೆತ್ತರವೂ ಇಲ್ಲದ ತನ್ನ ಹೊಸ ಕಾರನ್ನು ಕಂಕುಳಲ್ಲಿಟ್ಟುಕೊಂಡು ಮೊದಲ ಸಲ ಅಲ್ಲಿಗೆ ಹೋಗಿದ್ದ. ಆಗ ಅವನಿಗೆ ಮೂವತ್ತೇಳು.

ಆ ಕಾಲದ ರಿಮೋಟುಗಳಲ್ಲಿ ಉಗುರಿನಷ್ಟು ದೊಡ್ಡ ಒಂದು ಹರಳು ಇರುತ್ತಿತ್ತು. ಒಂದೊಂದು ಹರಳಿಗೆ ಒಂದೊಂದು ರೇಡಿಯೋ ಅಲೆ, ಗುರುತಿಗೆ ಒಂದೊಂದು ಬಣ್ಣ. ಒಂದೇ ಬಣ್ಣದ ಎರಡು ರಿಮೋಟುಗಳನ್ನು ಒಟ್ಟಿಗೆ ಹಚ್ಚಿದರೆ ಯಾವ ಕಾರೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅದಕ್ಕೇ ಕ್ಯಾಂಟೀನಿನ ಬಾಗಿಲ ಪಕ್ಕ ಒಂದು ಹಲಗೆ ಹೊಡೆದು, ಬಣ್ಣಕ್ಕೊಂದರಂತೆ ಬಟ್ಟೆ ಒಣಗಿಸುವ ಕ್ಲಿಪ್ಪು ನೇತುಹಾಕಿದ್ದರು. ತನ್ನ ಬಣ್ಣದ ಕ್ಲಿಪ್ಪು ಯಾರ ಕೈಯಲ್ಲಿದೆಯೋ ಅವನು ಮಾತ್ರ ರಿಮೋಟ್ ಹಚ್ಚಬೇಕು. ಹಿಲ್ಕೆಗೆ ಇದೊಂದೂ ಗೊತ್ತಿರಲಿಲ್ಲ. ನೋಡೋಣ ಎಂದು ನಿಂತಲ್ಲೇ ಗುಂಡಿ ಒತ್ತಿದ. ಅತ್ತ ಟ್ರ್ಯಾಕಿನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದ ಕಾರೊಂದು ದಿಕ್ಕು ತಪ್ಪಿ, ದಂಡೆ ಹಾರಿ, ಕಾಲುವೆಗೆ ಬಿತ್ತು.

ಓಡಿಸುವವರು ನಿಲ್ಲುವ ಅಟ್ಟಣಿಗೆಯಿಂದ ಉದ್ದನೆಯ ಮನುಷ್ಯನೊಬ್ಬ ಇಳಿದು ಬಂದ. ಸೊಂಟದವರೆಗೆ ನೀರಿಗಿಳಿದು ಕಾರು ತೆಗೆದ. ನೀರು ಸುರಿಸಿಕೊಂಡೇ ನೇರ ಹಿಲ್ಕೆಯ ಮುಂದೆ ಬಂದು ನಿಂತ.

"ಹಳದೀನಾ?"

"ಹೌದು."

"ಕ್ಲಿಪ್ ತಗೊಂಡಿದ್ಯಾ?"

"ಯಾವ ಕ್ಲಿಪ್ಪು?"

ಅವನು ಕಾರನ್ನು ಬೋರಲು ಮಾಡಿ ಉಳಿದ ನೀರು ಚೆಲ್ಲಿದ. "ಬಾ, ಕಾಫಿ ಕುಡಿಯೋಣ. ಕೊಡ್ಸೋನು ನೀನೇ."

ಅವನೇ ಡೌವೆ. ನೀರು ತಡೆಯುವ ಏರಿಗಳ ಮೇಲಿನ ಹುಲ್ಲು ಕತ್ತರಿಸುವ ಕೆಲಸ ಅವನದು.

ಬೇರೆ ಬಣ್ಣದ ಹರಳು ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. "ನೀನು ಬದಲಾಯಿಸು" ಎಂದು ಹಿಲ್ಕೆ. "ನಾನ್ಯಾಕೆ? ನೀರಿಗೆ ಬಿದ್ದದ್ದು ನನ್ನ ಕಾರು" ಎಂದು ಡೌವೆ. ಇಬ್ಬರೂ ಬದಲಾಯಿಸಲಿಲ್ಲ. ಹಾಗಾಗಿ ಮೂವತ್ತನಾಲ್ಕು ವರ್ಷ ಅವರು ಒಂದೇ ಓಟದಲ್ಲಿ ಒಟ್ಟಿಗೆ ಓಡಿಸಲಿಲ್ಲ. ಕ್ಲಬ್ಬಿನ ಪದ್ಧತಿಯಂತೆ, ಒಂದು ಓಟ ನಡೆಯುವಾಗ ಉಳಿದವರು ತಿರುವುಗಳಲ್ಲಿ ನಿಂತು, ಮಗಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ಹಿಲ್ಕೆ ಅಟ್ಟಣಿಗೆ ಹತ್ತಿದರೆ ಡೌವೆ ಮೂರನೆಯ ತಿರುವಿನಲ್ಲಿ. ಡೌವೆ ಹತ್ತಿದರೆ ಹಿಲ್ಕೆ ಅದೇ ತಿರುವಿನಲ್ಲಿ. ನಡುವೆ ಆ ಹಳದಿ ಕ್ಲಿಪ್ಪು ಒಬ್ಬನ ಜೇಬಿನ ಬಿಸಿಯೊಂದಿಗೆ ಇನ್ನೊಬ್ಬನ ಕೈಗೆ ಹೋಗುತ್ತಿತ್ತು. ಹಿಲ್ಕೆ ಕಾರು ಎತ್ತಿದಾಗ ಡೌವೆ ಮೇಲಿನಿಂದ, ಟ್ರ್ಯಾಕಿನಿಂದ ಕಣ್ಣು ಕೀಳದೆ, "ಬದುಕ್ದೆ!" ಎಂದು ಕೂಗುತ್ತಿದ್ದ. ಹಿಲ್ಕೆ ಒಂದು ಕೈ ಮೇಲೆತ್ತುತ್ತಿದ್ದ. ಅಷ್ಟೇ ಅವರ ಮಾತುಕತೆ.

ಹಿಲ್ಕೆ ಮದುವೆಯಾಗಲಿಲ್ಲ. ಲಾರಿ ಕೆಲಸ ಇದ್ದಾಗ ದಿನಕ್ಕೆ ಹದಿನೆಂಟು ಹಟ್ಟಿಗಳ ಜನ ಮಾತಾಡಿಸುತ್ತಿದ್ದರು. ಕೆಲಸ ಬಿಟ್ಟ ಮೇಲೆ ಏರಿಯ ಕೆಳಗಿನ ಮನೆಯಲ್ಲಿ ಅವನೂ ಗಡಿಯಾರವೂ. ಆ ಭಾನುವಾರದ "ಬದುಕ್ದೆ" ಬಿಟ್ಟರೆ ಯಾರೂ ಅವನಿಗೊಂದು ಮಾತು ಹೇಳದೆ ಹೋದ ವಾರಗಳೂ ಇದ್ದವು.

ಕಾಲ ಕಳೆದಂತೆ ಹೊಸ ಬಗೆಯ ರಿಮೋಟುಗಳು ಬಂದವು. ಅವಕ್ಕೆ ಹರಳೂ ಬೇಡ, ಬಣ್ಣವೂ ಬೇಡ. ಒಬ್ಬೊಬ್ಬರಾಗಿ ಎಲ್ಲರೂ ಬದಲಾಯಿಸಿದರು. ಹಲಗೆಯ ಮೇಲೆ ಕೆಂಪು, ನೀಲಿ, ಕಂದು ಕ್ಲಿಪ್ಪುಗಳಿಗೆ ಜೇಡ ಬಲೆ ಕಟ್ಟಿತು. ಹಳದಿಯದೊಂದು ಮಾತ್ರ ಬಣ್ಣ ಹೋಗಿ ಮರ ಕಾಣುವಷ್ಟು ಸವೆದಿತ್ತು.

ಹೋದ ಸೆಪ್ಟೆಂಬರಿನಲ್ಲಿ ಡೌವೆಯೂ ಹೊಸ ಡಬ್ಬಿ ಹಿಡಿದುಕೊಂಡು ಬಂದ. ಹೊಸ ರಿಮೋಟು, ಹೊಸ ಮೋಟಾರು, ಹೊಸ ಬ್ಯಾಟರಿ.

"ಹಾಗಾದ್ರೆ ಕ್ಲಿಪ್ಪು ಬೇಡ್ವಾ ನಿನಗೆ?"

"ಬೇಡ, ನೀನೇ ಇಟ್ಕೋ."

ಓಟದ ಸರದಿ ಮಾತ್ರ ಹಳೆಯದೇ ಉಳಿಯಿತು. ಆಮೇಲಿನ ಭಾನುವಾರಗಳಲ್ಲಿ ಹಿಲ್ಕೆ ತನ್ನ ಓಟ ಮುಗಿಸಿ ಕೆಳಗಿಳಿದಾಗ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಕ್ಲಿಪ್ಪು ಹಿಡಿದು ನಿಲ್ಲುತ್ತಿದ್ದ. ಕೊಡಲು ಯಾರೂ ಇರುತ್ತಿರಲಿಲ್ಲ. ಮತ್ತೆ ಜೇಬಿಗೇ ಹಾಕಿಕೊಳ್ಳುತ್ತಿದ್ದ.

ಅಕ್ಟೋಬರ್ ಕೊನೆಯಲ್ಲಿ, ಕ್ಯಾಂಟೀನಿನಲ್ಲಿ ಬಟಾಣಿ ಸೂಪು ಕುಡಿಯುತ್ತ ಡೌವೆ ಹೇಳಿದ: "ಅಕ್ಕ ಆಗಸ್ಟಲ್ಲೇ ಬಿದ್ದು ಸೊಂಟ ಮುರ್ಕೊಂಡಿದಾಳೆ ಕಣೋ. ನಾನು ಜೀಲ್ಯಾಂಡಿಗೆ ಹೋಗ್ತಿದೀನಿ."

ಜೀಲ್ಯಾಂಡ್ ಎಂದರೆ ದೇಶದ ಇನ್ನೊಂದು ತುದಿ.

"ಎಷ್ಟು ದಿನಕ್ಕೆ?"

"ಬಾಡಿಗೆ ಮನೆ ಬೀಗದ ಕೈ ಕೊಟ್ಟುಬಿಡ್ತೀನಿ."

ಹಿಲ್ಕೆ ರೊಟ್ಟಿಯ ತುಂಡನ್ನು ಸೂಪಿನಲ್ಲಿ ಅದ್ದಿದ. ಅದು ಕರಗುವವರೆಗೂ ಎತ್ತಲಿಲ್ಲ.

"ಅದಕ್ಕೇ ಇವನ್ನೆಲ್ಲ ತಗೊಂಡಿದ್ದು" ಎಂದ ಡೌವೆ. "ಮೂವತ್ತನಾಲ್ಕು ವರ್ಷ ಆಯ್ತು, ನಮ್ಮಿಬ್ರಲ್ಲಿ ಯಾರು ಜೋರು ಅಂತ ಗೊತ್ತಾಗ್ಲಿಲ್ಲ. ಈಗ ಬಣ್ಣದ ತಂಟೆ ಇಲ್ಲ. ಬರೋ ಭಾನುವಾರ ವರ್ಷದ ಕೊನೇ ಓಟ. ಒಂದ್ಸಲ ಒಟ್ಟಿಗೆ ಓಡ್ಸೋಣ."

"ನಾನೇ ಜೋರು. ಅದರಲ್ಲೇನಿದೆ?"

"ಬಾಯಲ್ಲಿ ಬೇಡ, ಟ್ರ್ಯಾಕಿನಲ್ಲಿ ತೋರ್ಸು."

ಆ ವಾರವೆಲ್ಲ ಹಿಲ್ಕೆ ಅಡುಗೆಮನೆಯ ಮೇಜಿನ ಮೇಲೆ ಕಾರು ಬಿಚ್ಚಿಟ್ಟುಕೊಂಡು ಕೂತ. ಹೊಸ ಟೈರು ತಂದು ಅಂಟಿಸಿದ. ಶಾಕ್ ಅಬ್ಸಾರ್ಬರಿನ ಎಣ್ಣೆ ತೆಗೆದು ಚಳಿಗಾಲಕ್ಕೆ ತೆಳುವಾದದ್ದು ತುಂಬಿದ. ಶನಿವಾರ ಡೌವೆಗೆ ಫೋನು ಮಾಡಿದ.

"ನಿನ್ನ ಶಾಕ್‌ನಲ್ಲಿ ಬೇಸಿಗೆ ಎಣ್ಣೇನೇ ಇದೆ. ಚಳಿಗೆ ಇನ್ನೂ ಗಟ್ಟಿಯಾಗುತ್ತೆ. ಮೂರನೇ ತಿರುವಲ್ಲಿ ಪುಟಿದು ಮಗಚುತ್ತೆ, ನೋಡ್ತಿರು."

"ಹೆದರಿಸ್ತೀಯೇನೋ? ನಿನ್ನದು ನೋಡ್ಕೋ ಹೋಗು."

ಭಾನುವಾರ ಗಾಳಿ ಜೋರಾಗಿತ್ತು. ಕ್ಯಾಂಟೀನು ನಡೆಸುವ ಫ್ರೌಕೆ ಮೈಕಿನಲ್ಲಿ ಹೆಸರು ಕೂಗಿದಳು. ಏಳು ಕಾರುಗಳನ್ನು ಗೆರೆಯ ಮೇಲೆ ಸಾಲಾಗಿಟ್ಟರು. ಹಿಲ್ಕೆಯೂ ತನ್ನ ಕಾರಿಟ್ಟ. ಕ್ಲಿಪ್ಪನ್ನು ಜಾಕೀಟಿಗೆ ಸಿಕ್ಕಿಸಿಕೊಂಡ. ಡೌವೆ ಮುಂದೆ ಮುಂದೆ ಅಟ್ಟಣಿಗೆಯ ಮೆಟ್ಟಿಲು ಹತ್ತಿದ.

ಆ ಬೆನ್ನು ಮೆಟ್ಟಿಲೇರುವುದನ್ನು ಕಂಡದ್ದೇ ತಡ, ಹಿಲ್ಕೆಯ ಕಾಲು ತಾನಾಗಿ ತಿರುಗಿತು. ತಿರುವಿನಲ್ಲಿ ನಿಲ್ಲುವವರು ತೊಡುವ ಕಿತ್ತಳೆ ಬಣ್ಣದ ಅಂಗಿಯನ್ನು ಮೊಳೆಯಿಂದ ತೆಗೆದು ತೊಟ್ಟುಕೊಂಡ. ರಿಮೋಟನ್ನು ಕಂಕುಳಲ್ಲಿಟ್ಟುಕೊಂಡು ಮೂರನೆಯ ತಿರುವಿನ ಕಡೆ ನಡೆದ.

"ಏನ್ರೀ ಹಿಲ್ಕೆ, ಎಲ್ಲಿಗ್ರೀ ಹೊರಟ್ರಿ?" ಮೈಕಿನಲ್ಲಿ ಫ್ರೌಕೆ. "ನಿಮ್ಮ ಕಾರು ಇಲ್ಲೇ ಕೂತು ನಿಮ್ಮ ದಾರಿ ಕಾಯ್ತಿದೆ!"

"ಕಾರನ್ನ ಕೈ ಹಿಡ್ಕೊಂಡು ನಡೆಸ್ತಾರೆ ಬಿಡ್ರೀ!" ಎಂದ ಯಾರೋ ಒಬ್ಬ. ಅಟ್ಟಣಿಗೆಯ ಮೇಲೆ ಎಲ್ಲರೂ ನಕ್ಕರು.

ಹಿಲ್ಕೆ ನಿಂತ. ಇವತ್ತು ತಾನೂ ಓಡಿಸಬೇಕೆಂದು ಆಗಲೇ ಅವನಿಗೆ ನೆನಪಾದದ್ದು. ಹಿಂದಕ್ಕೆ ಇಪ್ಪತ್ತು ಹೆಜ್ಜೆ, ಅಷ್ಟೇ. ಎಲ್ಲರೂ ಅವನಿಗಾಗಿ ಕಾಯುತ್ತಿದ್ದರು. ಮುಂದೆ ನೋಡಿದ. ಮೂರನೆಯ ತಿರುವು ಖಾಲಿ. ಅಲ್ಲಿ ನಿಲ್ಲಬೇಕಾದವನು ಇನ್ನೂ ಕ್ಯಾಂಟೀನಿನ ಬಾಗಿಲಲ್ಲಿ ಬಿಸಿ ಕಾಫಿ ಊದುತ್ತಿದ್ದ. ಹಿಲ್ಕೆ ರಿಮೋಟ್ ಆರಿಸಿದ. ಬಿಡಿ ಎಂದು ಕೈ ಬೀಸಿ, ಹೋಗಿ ತನ್ನ ಜಾಗದಲ್ಲಿ ನಿಂತ.

ಆರು ಕಾರುಗಳು ಹೊರಟವು. ಒಂದು ಗೆರೆಯ ಮೇಲೇ ಉಳಿಯಿತು.

ಎರಡನೆಯ ಸುತ್ತಿನಲ್ಲಿ ಡೌವೆಯ ಕಾರು ಗುಡ್ಡೆ ಹಾರಿ, ಪುಟಿದು ಮಗಚಿತು. ಹಿಲ್ಕೆ ಓಡಿ ಹೋಗಿ ಎತ್ತಿ ನಿಲ್ಲಿಸಿದ. ಮೇಲಿನಿಂದ ಸದ್ದಿಲ್ಲ. ನಾಲ್ಕನೆಯ ಸುತ್ತಿನಲ್ಲಿ ಮತ್ತೆ ಮಗಚಿತು, ಮತ್ತೆ ಎತ್ತಿದ. ಆಗಲೂ ಇಲ್ಲ. ಏಳನೆಯದರಲ್ಲಿ ಕೆಸರಿಗೆ ಮೊಣಕಾಲೂರಿ ಎತ್ತಿದಾಗ, ಗಾಳಿಯಲ್ಲಿ ಹರಿದು ಬಂದಂತೆ ಕೇಳಿಸಿತು: "ಬದುಕ್ದೆ!"

ಹಿಲ್ಕೆ ಒಂದು ಕೈ ಮೇಲೆತ್ತಿದ.

ಓಟ ಮುಗಿದ ಮೇಲೆ ಡೌವೆ ಇಳಿದು ಬಂದ. "ಕತ್ತೆ. ಕತ್ತೆ ಕಣೋ ನೀನು."

"ಕಾಲು ತಾನೇ ಹೋಯ್ತು."

"ವಾಪಸ್ ಬರೋಕೇನಾಗಿತ್ತು ಆ ಕಾಲಿಗೆ? ಕಾಯ್ತಿದ್ವಲ್ಲ."

"ಬಂದಿದ್ರೆ ನಿನ್ನ ಕಾರು ಎತ್ತೋರು ಯಾರಿದ್ರು?"

ಡೌವೆ ಕಾರಿನ ಚಕ್ರಕ್ಕಂಟಿದ ಜೇಡಿಮಣ್ಣನ್ನು ಹೆಬ್ಬೆರಳಿನಲ್ಲಿ ಕೆರೆಯುತ್ತ ನಿಂತ. "ಎಣ್ಣೆ ಗಟ್ಟಿಯಾಗಿತ್ತು" ಎಂದ ಕೊನೆಗೆ.

"ಹೇಳಿದ್ದೆ."

ಹಿಲ್ಕೆ ಜಾಕೀಟಿನಿಂದ ಕ್ಲಿಪ್ಪು ತೆಗೆದು ನೀಡಿದ.

"ನಂಗ್ಯಾಕೋ? ಅಲ್ಲಿ ಟ್ರ್ಯಾಕೇ ಇಲ್ಲ."

"ಸರದಿ ನಿಂದು. ತಗೋ."

"ಇದು ನನ್ನ ಹತ್ರ ಇದ್ರೆ ನೀನು ರಿಮೋಟ್ ಹಚ್ಚೋ ಹಾಗಿಲ್ವಲ್ಲೋ. ಭಾನುವಾರ ಬಂದು ಏನ್ ಮಾಡ್ತೀಯ?"

"ಕಾರು ಎತ್ತೋರು ಬೇಕೇ ಬೇಕಲ್ಲ."

ಡೌವೆ ಕ್ಲಿಪ್ಪು ತೆಗೆದುಕೊಂಡ. ಜೇಬಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದುಕೊಂಡು ನಡೆದ.

ಹಲಗೆಯಲ್ಲಿ ಹಳದಿಯ ಮೊಳೆ ಈಗ ಖಾಲಿ ಇದೆ. ಬೇರೆ ಕ್ಲಿಪ್ಪು ಸಿಕ್ಕಿಸೋಣವೇ ಎಂದು ಫ್ರೌಕೆ ಕೇಳಿದ್ದಕ್ಕೆ, ಹಳದಿಯವನು ಹೊರಗೆ ಹೋಗಿದ್ದಾನೆ, ಬರಲಿ ಎಂದ ಹಿಲ್ಕೆ. ಡೌವೆ ಹೋದದ್ದು ನವೆಂಬರ್ ಒಂಬತ್ತು, ಗುರುವಾರ, ಬೆಳಗಿನ ಎಂಟರ ರೈಲಿಗೆ.