ಬರೀ ಹಿನ್ನಡೆ

ಚನ್ನಗಿರಿ ತಾಲ್ಲೂಕು ಹಗ್ಗಜಗ್ಗಾಟ ಸಂಘದ ಕಾರ್ಯದರ್ಶಿ ರುದ್ರಮುನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಸಂಘದ ಗ್ರಹಚಾರ ಕೆಟ್ಟಿದ್ದೇ ಅದರಿಂದ.

ಆಟದ ಸಂಘಗಳಿಗೆ ಅನುದಾನ ಬೇಕಾದರೆ ಸಾಧನೆ ಅಳೆಸಿಕೊಳ್ಳಬೇಕೆಂದು ಸರ್ಕಾರ ಈ ವರ್ಷ ಹೊಸ ನಿಯಮ ತಂದಿತ್ತು. ಆಟ ಯಾವುದಾದರೂ ಅಳತೆ ಒಂದೇ: ಮುನ್ನಡೆಯೋ, ಹಿನ್ನಡೆಯೋ. ಅನುದಾನ ಸಿಕ್ಕರೆ ದುರುಗಮ್ಮನ ಹೆಂಗಸರ ತಂಡ ರಾಜ್ಯ ಪಂದ್ಯಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಇಲ್ಲ.

ಪರಿಶೀಲನಾ ಸಭೆಯಲ್ಲಿ ಜಗಳೂರಿನ ಕಬಡ್ಡಿಯವರು, ನ್ಯಾಮತಿಯ ಖೋಖೋದವರು ಒಬ್ಬರಾದ ಮೇಲೊಬ್ಬರು ಎದ್ದು "ಮುನ್ನಡೆ" ಎಂದು ಕೂತರು. ಅವರು ಗೆದ್ದ ಟ್ರೋಫಿಯ ಮುಖ ಕಂಡು ಎಷ್ಟು ಕಾಲವಾಗಿತ್ತೋ ದೇವರೇ ಬಲ್ಲ. ಅಧಿಕಾರಿ ನಾಗೇಂದ್ರಪ್ಪ ತಲೆ ಎತ್ತದೆ ಕೇಳಿದರು, "ಹಗ್ಗಜಗ್ಗಾಟ?"

ರುದ್ರಮುನಿ ಎದೆಯುಬ್ಬಿಸಿ ಎದ್ದ. "ಹಿನ್ನಡೆ ಸರ್. ಬರೀ ಹಿನ್ನಡೆ. ನಮ್ಮ ಹೆಣ್ಮಕ್ಕಳು ಒಂದು ಹೆಜ್ಜೆನೂ ಮುಂದಕ್ಕೆ ಇಟ್ಟಿಲ್ಲ."

"ನಿಮ್ಮೆದುರು ಹಗ್ಗ ಎಳೆದ ಹೊನ್ನಾಳಿ ತಂಡದ್ದು?"

"ಪಾಪ, ಅವರದ್ದು ಮುನ್ನಡೆ ಸರ್. ಗೆರೆ ದಾಟಿ ನಮ್ಮ ಕಡೀಗೇ ಬಂದುಬಿಟ್ರು."

ಪಾಪ ಯಾಕೆಂದು ನಾಗೇಂದ್ರಪ್ಪ ಕೇಳಲಿಲ್ಲ. ಅನುದಾನ ಹೊನ್ನಾಳಿಗೆ ಬರೆದಾಯಿತು.

"ಅಲ್ರೀ ರುದ್ರಣ್ಣ, ಹಿಂದಕ್ಕೆ ಎಳೆದು ಗೆದ್ದೋರು ನಾವು, ಮುಗ್ಗರಿಸಿ ಬಿದ್ದೋರಿಗೆ ಅನುದಾನನಾ?" ಎಂದಳು ಸುದ್ದಿ ಕೇಳಿದ ದುರುಗಮ್ಮ. ರುದ್ರಮುನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳೇ ದಾರಿ ತೋರಿಸಿದಳು. "ಸಾಹೇಬ್ರನ್ನ ಒಂದ್ಸಲ ನಮ್ಮೂರು ನಲ್ಲೂರಿಗೆ ಕರಕೊಂಡು ಬರ್ರಿ. ಹೋಳಿಗೆ ಊಟ ಐತೆ ಅನ್ರಿ."

ಹೋಳಿಗೆ ಎಂದ ಮೇಲೆ ಸ್ಥಳ ಪರಿಶೀಲನೆ ತಡವಾಗಲಿಲ್ಲ. ನಾಗೇಂದ್ರಪ್ಪ ಸಿಬ್ಬಂದಿ ಸಮೇತ ಬಂದರು. ಊಟಕ್ಕೆ ಮುಂಚೆ ಹಸಿವಾಗಲೆಂದು ಹಗ್ಗದ ಒಂದು ತುದಿಯನ್ನು ಕಚೇರಿಯವರ ಕೈಗೆ ಕೊಟ್ಟರು. ಸಾಹೇಬರು ಎಲ್ಲರಿಗಿಂತ ಮುಂದೆ ನಿಂತರು. ಸೀಟಿ ಊದಿದ್ದೇ ತಡ, ದುರುಗಮ್ಮನ ತಂಡ ಹಿಮ್ಮಡಿ ಊರಿ ಹಿಂದಕ್ಕೆ ವಾಲಿತು. ಇಡೀ ಕಚೇರಿ ದಡದಡ ಮುಂದೆ ಬಂತು. ನಾಗೇಂದ್ರಪ್ಪ ಮಾತ್ರ ಹೊಟ್ಟೆಯ ಮೇಲೆ ಬಂದರು.

"ಸರ್," ಎಂದ ರುದ್ರಮುನಿ ಭಕ್ತಿಯಿಂದ, "ನಿಮ್ಮ ಕಚೇರೀದು ಭಾರೀ ಮುನ್ನಡೆ."

ನಾಗೇಂದ್ರಪ್ಪ ಬಾಯೊಳಗಿನ ಮಣ್ಣು ಉಗುಳಿದರು. ಎರಡನೇ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಸಿಟ್ಟು ಇಳಿದಿತ್ತು, ವಿಷಯ ತಲೆಗೆ ಹತ್ತಿತ್ತು. "ಆಯ್ತು ಮಾರಾಯ, ಹೊನ್ನಾಳೀದು ರದ್ದು ಮಾಡ್ತೀನಿ. ಆದರೆ ಸರ್ಕಾರದ ಫಾರಂನಾಗಿರೋ ಮುನ್ನಡೆ-ಹಿನ್ನಡೆ ಕಾಲಂ ಬದಲಾಯಿಸಾಕೆ ನನ್ನ ಕೈಲಿ ಆಗಲ್ಲ. ಈಗ ಸರಿಯಾಗಿ ಹೇಳು, ನಿಮ್ಮ ತಂಡದ್ದು ಏನು?"

"ಅದು ಸರ್, ನಿಜ ಹೇಳ್ಬೇಕಂದ್ರೆ ಹಿ..."

ಬಡಿಸುತ್ತಿದ್ದ ದುರುಗಮ್ಮ ಅವನ ಕಾಲ್ಬೆರಳನ್ನು ತುಳಿದು ನಿಂತಳು. ಹಗ್ಗ ಎಳೆಯುವಾಗ ಊರುವ ಅದೇ ಹಿಮ್ಮಡಿ.

"ಮುನ್ನಡೆ ಸರ್," ಎಂದ ರುದ್ರಮುನಿ. ಹುಟ್ಟಿದ ಮೇಲೆ ಅವನು ಹೇಳಿದ ಮೊದಲನೇ ಸುಳ್ಳು ಅದು, ಸರ್ಕಾರ ಅದನ್ನು ಹಾಗೇ ಬರೆದುಕೊಂಡಿತು.